ಬತ್ತಿ ಇಲ್ಲದ ಮೇಣದ ಡಬ್ಬಿಗಳು

ಯಾವ ಕಾಲವೋ ನನಗೂ ಗೊತ್ತಿಲ್ಲ, ಬಹಳ ಹಿಂದೆ ಅಂತಿಟ್ಟುಕೊಳ್ಳಿ, ಜೇನುಗುಡ್ಡವೆಂಬ ಒಂದು ರಾಜ್ಯವಿತ್ತು. ಅಲ್ಲಿ ಸಂಜೆಯಾದರೆ ಯಾರೂ ದೀಪ ಹಚ್ಚುತ್ತಿರಲಿಲ್ಲ. ಕರಿಬೆಟ್ಟದ ಗುಹೆಯಲ್ಲಿ ಧೂಮಕೇಶಿ ಎಂಬ ಮಾಂತ್ರಿಕನಿದ್ದ. ಎಲ್ಲಿ ಬತ್ತಿ ಉರಿದರೂ ಅದರೊಳಗಿಂದ ಇಣುಕಿ, ಹತ್ತಿರ ಕೂತವರನ್ನು ಸೆಳೆದುಕೊಂಡು ಹೋಗುತ್ತಿದ್ದ. ಹೋದವರು ಮನೆ, ಮಕ್ಕಳು, ತಮ್ಮ ಹೆಸರನ್ನೂ ಮರೆತು ಅವನ ಅಗ್ನಿಕುಂಡಕ್ಕೆ ತಿದಿ ಒತ್ತಿ ಗಾಳಿ ಹಾಕುತ್ತಾ ಇದ್ದುಬಿಡುತ್ತಿದ್ದರು. ಒಲೆಯ ಉರಿಯಿಂದ ಯಾಕೆ ಇಣುಕುತ್ತಿರಲಿಲ್ಲ ಅಂದರೆ, ಅವನ ಮಂತ್ರ ಬತ್ತಿಗೆ ಮಾತ್ರ. ಮಾಂತ್ರಿಕನಿಗೂ ಎಲ್ಲ ವಿದ್ಯೆ ಬರಬೇಕೆಂದೇನಿಲ್ಲ.

ಕೋಟೆಯ ಅಡುಗೆಯವನು ಮಲ್ಲಯ್ಯ. ಒಂದು ಸಂಜೆ ಉಪ್ಪಿನ ಭರಣಿ ಹುಡುಕಲು ಒಂದೇ ಒಂದು ಬತ್ತಿ ಹಚ್ಚಿದ. ಅಷ್ಟೇ. ಬತ್ತಿ ಉಳಿಯಿತು, ಮಲ್ಲಯ್ಯ ಉಳಿಯಲಿಲ್ಲ.

ಅವನ ಹೆಂಡತಿ ದೇವೀರಿ ಅತ್ತಳು. ಅತ್ತು ಮುಗಿದ ಮೇಲೆ ಎದ್ದಳು. ಆ ರಾಜ್ಯದಲ್ಲಿ ತಿನಿಸೆಲ್ಲ ತಗಡಿನ ಡಬ್ಬಿಯಲ್ಲೇ ಬರುತ್ತಿತ್ತು, ಪದ್ಧತಿಯೇ ಹಾಗೆ. ದೇವೀರಿ ಖಾಲಿ ಡಬ್ಬಿ ಆರಿಸಿ, ಜೇನುಮೇಣ ಕಾಯಿಸಿ, ಹೂವಿನೆಣ್ಣೆ, ಹುಲ್ಲಿನೆಣ್ಣೆ ಬೆರೆಸಿ, ಬತ್ತಿ ಇಡದೆ ಹುಯ್ದಳು. ಬಿಸಿ ತಾಗಿದರೆ ಮೇಣ ಕರಗಿ ಪರಿಮಳ ಏಳುತ್ತದೆ, ಉರಿ ಇರುವುದಿಲ್ಲ.

"ಬೆಳಕೇ ಕೊಡದ ಮೇಣ ಯಾವ ಸೌಭಾಗ್ಯಕ್ಕೇ?" ಎಂದಳು ಪಕ್ಕದ ಮನೆಯ ಚೆಲುವಮ್ಮ.

"ಬೆಳಕು ಯಾರಿಗೆ ಬೇಕಕ್ಕಾ? ನಮ್ಮ ಯಜಮಾನರಿಗೆ ಮನೆ ನೆನಪಾಗಬೇಕು. ಮೂಗಿಗೆ ಬಿದ್ದರೆ ನೆನಪಾಗುತ್ತೆ," ಎಂದು ದೇವೀರಿ ಡಬ್ಬಿಗಳನ್ನು ಸೆರಗಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಕರಿಬೆಟ್ಟದ ಕಲ್ಲು ಕಾದ ಕಾವಲಿಯಂತಿತ್ತು. ಬುಡದಲ್ಲಿ ಮೂರು ಮೂಗಿನ ನಾಯಿ ಕೂತಿತ್ತು. "ಮನುಷ್ಯರ ವಾಸನೆ!" ಎಂದಿತು. ದೇವೀರಿ ಸಂಪಿಗೆಯ ಡಬ್ಬಿಯನ್ನು ಕಲ್ಲ ಮೇಲಿಟ್ಟಳು. ಮೇಣ ಕರಗಿತು, ಘಮ್ಮೆಂದಿತು. ನಾಯಿ ಮೂರೂ ಮೂಗಲ್ಲಿ ಸೀನುತ್ತಾ ಕೂತಿತು. ಅವಳು ದಾಟಿದಳು.

ನಡುವೆ ಕಬ್ಬಿಣದ ಸೊಳ್ಳೆಗಳ ಹಿಂಡು. "ರಕ್ತ! ರಕ್ತ!" ಎಂದವು. ದೇವೀರಿ ಸೊಳ್ಳೆಗೆ ಆಗದ ಮಜ್ಜಿಗೆಹುಲ್ಲಿನ ಡಬ್ಬಿ ಇಟ್ಟಳು. ಕಬ್ಬಿಣದ್ದಾದರೇನು, ಸೊಳ್ಳೆ ಸೊಳ್ಳೆಯೇ ತಾನೆ! ಹಿಂಡಿಗೆ ಹಿಂಡೇ ಓಡಿತು. ಅವಳು ದಾಟಿದಳು.

ಗುಹೆಯೊಳಗೆ ಧೂಮಕೇಶಿ ಕುಂಡದ ಮುಂದೆ ಕೂತು ಊರೂರಿನ ಬತ್ತಿಗಳಲ್ಲಿ ಇಣುಕುತ್ತಿದ್ದ. ಇವಳ ಕೈಯಲ್ಲಿ ಬತ್ತಿಯೇ ಇಲ್ಲ, ಇವಳು ಅವನಿಗೆ ಕಾಣಿಸಲೇ ಇಲ್ಲ. ಸಾಲಾಗಿ ನಿಂತು ತಿದಿ ಒತ್ತುವವರ ನಡುವೆ ಮಲ್ಲಯ್ಯನಿದ್ದ.

"ರೀ," ಎಂದಳು.

"ಯಾರಮ್ಮ ನೀವು?" ಎಂದ.

ದೇವೀರಿ ಸೆರಗು ಬಿಚ್ಚಿದಳು. ಕೊನೆಯ ಡಬ್ಬಿ ಮಲ್ಲಿಗೆಯದು, ಮದುವೆಯಲ್ಲಿ ಮುಡಿದ ಹೂವಿನದು. ಅವನ ಕಾಲಬಳಿ ಇಟ್ಟಳು. ಮಲ್ಲಿಗೆ ಹರಡಿತು. "ಚೆನ್ನಾಗಿದೆ ತಾಯಿ," ಎಂದು ಅವನು ಮತ್ತೆ ತಿದಿ ಒತ್ತಿದ. ಮೇಣ ಕರಗುತ್ತಾ ಬಂತು, ಮಲ್ಲಿಗೆಯೂ ಮುಗಿಯುತ್ತಾ ಬಂತು. ಇನ್ನು ಬೇರೆ ಡಬ್ಬಿಯಿಲ್ಲ. ಅವಳು ಅಲ್ಲೇ ಕುಸಿದು ಕೂತಳು.

ಆಗ ಮಲ್ಲಯ್ಯನ ಮೂಗು ಅರಳಿತು. ಮತ್ತೆ ಮೂಸಿದ. ಮುಖ ಗಂಟಿಕ್ಕಿದ.

"ಉಪ್ಪಿನಕಾಯಿ ಡಬ್ಬಿ ಇದು! ತೊಳೀದೆ ಮೇಣ ಹುಯ್ದಿದ್ದೀಯಲ್ಲೇ ದೇವೀರಿ! ಎಷ್ಟು ಸಲ ಹೇಳಿದ್ದೀನಿ ನಿಂಗೆ?"

"ಹೂಂ ಕಣ್ರೀ, ತೊಳೀಲಿಲ್ಲ," ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವಸರದಲ್ಲಿ ನಿಜವಾಗಿಯೂ ತೊಳೆದಿರಲಿಲ್ಲ.

ತಳದ ಮೆಂತ್ಯ, ಇಂಗು, ಸಾಸಿವೆ ಬೆಚ್ಚಗಾಗಿ ಅವುಗಳ ಘಮ ಗುಹೆಯೆಲ್ಲ ತುಂಬಿತು. ಒಬ್ಬನಿಗೆ ತಾಯಿ ಕಲಸುತ್ತಿದ್ದ ಮೊಸರನ್ನ ನೆನಪಾಯಿತು. ಒಬ್ಬಳಿಗೆ ಮನೆಯಲ್ಲಿ ಬಿಟ್ಟುಬಂದ ಕೂಸು ನೆನಪಾಯಿತು. ಒಬ್ಬೊಬ್ಬರಾಗಿ ತಿದಿ ಬಿಟ್ಟು ನಿಂತರು.

"ಒತ್ತಿರೋ! ಒತ್ತಿರೋ!" ಎಂದು ಧೂಮಕೇಶಿ ಕಿರುಚಿದ. ಯಾರೂ ಒತ್ತಲಿಲ್ಲ. ಕುಂಡ ಆರಿತು. ಉರಿಯಿಂದಲೇ ಬದುಕಿದ್ದವನು ಒಂದು ಹಿಡಿ ಬೂದಿಯಾದ.

ಎಲ್ಲರೂ ಮನೆ ಸೇರಿದರು. ಆ ಸಂಜೆ ದೇವೀರಿ ಬತ್ತಿ ಹೊಸೆದು, ಎಣ್ಣೆಯಲ್ಲಿ ನೆನೆಸಿ, ಹಚ್ಚಲು ಹೋದವಳು ಕೈ ಹಿಂದೆಗೆದಳು. ಮಲ್ಲಯ್ಯ ಅವಳ ಕೈ ಹಿಡಿದುಕೊಂಡು ತಾನೇ ಹಚ್ಚಿದ. ಯಾರೂ ಇಣುಕಲಿಲ್ಲ. ಇಬ್ಬರೂ ಆ ಬೆಳಕಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಉಂಡರು. ಜೇನುಗುಡ್ಡದ ಮನೆಮನೆಯಲ್ಲೂ ಅಂದು ಹಾಗೆಯೇ ಉಂಡರು, ಆಮೇಲೂ ಸುಖವಾಗಿಯೇ ಇದ್ದರು.