ಬಾಣಂತಿ ಕೋಣೆಯ ಅಲಾರಾಂ

ಕೆಂಡದಿಂದ ಏಳುವ, ವಾಸನೆಯೇ ಇಲ್ಲದ ವಿಷಗಾಳಿಗೆ ಕೂಗುವ ಅಲಾರಾಂ ಅದು. ಕುಡಚಿಯ ನಮ್ಮ ಮನೆಯ ಬಾಣಂತಿ ಕೋಣೆಗೆ ನಾನೇ ತಂದು ಹಾಕಿದ್ದೆ. ತಂಗಿ ಅರ್ಶಿಯಾಳ ಮಂಚದ ಕೆಳಗೆ ಅಮ್ಮ ಕೆಂಡ ಇಟ್ಟು, ಕಿಟಕಿ ಮುಚ್ಚಿದ ಸ್ವಲ್ಪ ಹೊತ್ತಿಗೆ ಅದು ಕೂಗಿತು.

“ಈ ಸದ್ದಿಗೆ ಕೂಸು ಬೆಚ್ಚತೈತಿ,” ಎಂದು ಅಮ್ಮ ಅದರ ಸೆಲ್ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದಳು. ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಮಲಗಿದ್ದ ಅರ್ಶಿಯಾ ಮತ್ತೆ ಏಳಲಿಲ್ಲ.

ಅವಳ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮಧ್ಯಾಹ್ನ, ಬೀಗ ಹಾಕಿದ್ದ ಆ ಕೋಣೆಯೊಳಗೆ ಅಲಾರಾಂ ಕೂಗತೊಡಗಿತು. ಬಾಗಿಲು ತೆಗೆದೆವು. ಮಂಚದ ಕೆಳಗೆ ಬೂದಿ ಕೂಡ ಇರಲಿಲ್ಲ. ನೆಲ ಮಾತ್ರ ಕಾಲಿಡಲಾಗದಷ್ಟು ಸುಡುತ್ತಿತ್ತು.

“ಅದನ್ನ ಬಂದ್ ಮಾಡೋ!” ಅಮ್ಮ ಕಿವಿ ಮುಚ್ಚಿಕೊಂಡಳು.

ಕೂಗುತ್ತಿದ್ದ ಅಲಾರಾಮನ್ನು ಬಿಚ್ಚಿ, ಅದರ ಖಾಲಿ ಹೊಟ್ಟೆ ತೋರಿಸಿದೆ.

“ಹೆಂಗ ಬಂದ್ ಮಾಡ್ಲಿ ಅಮ್ಮಾ? ಸೆಲ್ ನೀನ ತಗದೀಯಲ್ಲ.”