ಬಾಲದ ನಾಲ್ಕು ಸಾಲು

ಶುಕ್ರವಾರ ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ, ಜಾಹೀರಾತು ವಿಭಾಗದಿಂದ ಹಾಸಿಗೆ ಅಂಗಡಿಯ ಜಾಹೀರಾತೊಂದು ಬಂದು ಭಾನುವಾರದ ಪುರವಣಿಯ ಮೇಲೆ ಕೂತಿತು. ಕೂತಿದ್ದಷ್ಟೇ ಅಲ್ಲ, ಪತ್ರಗಳ ಅಂಕಣದ ಜಾಗದಲ್ಲಿ ನಾಲ್ಕು ಸಾಲಿನಷ್ಟು ನುಂಗಿ ನೀರು ಕುಡಿಯಿತು.

"ನಾಲ್ಕು ಸಾಲು ಜಾಸ್ತಿ ಇದೆ," ಎಂದ ಪುಟ ಕಟ್ಟುವವನು. ಅವನ ಕಿಸೆಯಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು ಇಣುಕುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲ ಅಳತೆ ತಾನಾಗಿ ಬರುವ ಕಾಲದಲ್ಲೂ ಅವನು ಕರಡು ಅಚ್ಚಿನ ಪ್ರತಿಯ ಮೇಲೆ ಅದನ್ನಿಟ್ಟು ಅಳೆಯದೆ ಪುಟ ಬಿಡುತ್ತಿರಲಿಲ್ಲ. ಹಾಗಾಗಿ ಕಚೇರಿಗೆಲ್ಲ ಅವನು ಸ್ಕೇಲು.

ಅವಳು ಉಪಸಂಪಾದಕಿ. ಎಂಟು ವರ್ಷದಿಂದ ಎಂಥ ಉದ್ದದ ಬರಹವನ್ನೂ ಹೇಳಿದ ಜಾಗಕ್ಕೆ ಕೂರಿಸಿದ್ದರಿಂದ ಅವಳು ಕತ್ತರಿ. ಸ್ಕೇಲು ಮತ್ತು ಕತ್ತರಿ ಅಕ್ಕಪಕ್ಕದ ಟೇಬಲ್ಲಿನಲ್ಲಿ ಕೂರುವುದನ್ನು ನೋಡಿ ನಗದವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಅವರಿಬ್ಬರು ಮಾತ್ರ ನಗುತ್ತಿರಲಿಲ್ಲ. ನಕ್ಕರೆ ಕಣ್ಣು ಸೇರಿಬಿಡುತ್ತವಲ್ಲ, ಆ ಭಯ.

ಅವಳು ಕೆಂಪು ಪೆನ್ನು ತೆಗೆದಳು. ಆ ವಾರದ ಅಂಕಣ 'ನನ್ನ ಇಷ್ಟದ ಇಂಗ್ಲಿಷ್ ಪದ'. ಓದುಗರು ಮುಗಿಬಿದ್ದು ಬರೆದಿದ್ದರು. ಕ್ಷೌರದಂಗಡಿಯವರೊಬ್ಬರಿಗೆ 'ನೆಕ್ಸ್ಟ್' ಇಷ್ಟ. ಅದೊಂದು ಪದದಲ್ಲೇ ತನ್ನ ಸಂಸಾರ ನಡೆದಿದೆಯಂತೆ. ನರ್ಸೊಬ್ಬಳಿಗೆ 'ಡಿಸ್ಚಾರ್ಜ್'. ರಿಟೈರಾದ ಮೇಡಂ ಒಬ್ಬರಿಗೆ 'ಅಂಬ್ರೆಲಾ'. ಬಾಯಲ್ಲಿ ಹೇಳಿದರೇ ಬಿಚ್ಚಿಕೊಂಡಂತಾಗುತ್ತದೆ ಎಂದು ಬರೆದಿದ್ದರು. ಕೊನೆಯ ಪತ್ರಕ್ಕೆ ಹೆಸರಿರಲಿಲ್ಲ. 'ಆಲ್ಮೋಸ್ಟ್' ಎಂಬ ಪದದ ಬಗ್ಗೆ.

"ಬಸ್ಸು ಆಲ್ಮೋಸ್ಟ್ ಸಿಕ್ಕಿತ್ತು, ಪರೀಕ್ಷೆ ಆಲ್ಮೋಸ್ಟ್ ಪಾಸಾಗಿತ್ತು. ಸೋತವನಿಗೂ ಸ್ವಲ್ಪ ಮರ್ಯಾದೆ ಕೊಡುವ ಪದ ಇದು. ಮೂರು ವರ್ಷದಿಂದ ಒಬ್ಬರಿಗೆ ಒಂದು ಮಾತು ಹೇಳಬೇಕೆಂದಿದ್ದೇನೆ. ದಿನಾ ಆಲ್ಮೋಸ್ಟ್ ಹೇಳಿರುತ್ತೇನೆ."

ಅಲ್ಲಿಗೆ ಪ್ಯಾರಾ ಮುಗಿದಿತ್ತು. ಕೆಳಗೆ ಇನ್ನೊಂದು ಚಿಕ್ಕ ಪ್ಯಾರಾ, ಅಳೆದಿಟ್ಟ ಹಾಗೆ ನಾಲ್ಕೇ ಸಾಲು. ಡೆಸ್ಕಿನಲ್ಲಿ ಹಳೆಯ ಮಾತೊಂದಿದೆ: ಪತ್ರದ ಪ್ರಾಣ ಬಾಲದಲ್ಲಿರುವುದಿಲ್ಲ. ಬಾಲದಲ್ಲಿ ನಮಸ್ಕಾರ, ವಂದನೆ, ನಿಮ್ಮ ಪತ್ರಿಕೆ ನೂರು ಕಾಲ ಬಾಳಲಿ, ಇಷ್ಟೇ. ಅವಳು ಆ ನಾಲ್ಕು ಸಾಲಿನ ಮೇಲೆ ಕೆಂಪು ಗೀಟು ಎಳೆದಳು.

"ಯಾರೋ ಪುಕ್ಕಲ. ಮೂರು ವರ್ಷ ಅಂತೆ!" ಎಂದಳು ನಗುತ್ತಾ. "ಬಾಲ ತೆಗೆದೆ. ಈಗ ಕೂತ್ಕೊಳ್ಳುತ್ತಾ ನೋಡಿ."

ಅವನು ಪ್ರತಿಯನ್ನು ಕೈಗೆ ತೆಗೆದುಕೊಂಡ. ಕೆಂಪು ಗೀಟನ್ನೇ ನೋಡುತ್ತಾ ನಿಂತ. ಹೊರಗೆ ಅಚ್ಚಿನವರು ಎರಡನೇ ಸಲ ಬೆಲ್ ಒತ್ತಿದರು.

"ಪೂರ್ತಿ ಓದಿದ್ರಾ?" ಎಂದು ಕೇಳಿದ.

ಓದಿರಲಿಲ್ಲ. ಆದರೆ ಎಂಟು ವರ್ಷದ ಅನುಭವದವಳನ್ನು, ಅದೂ ಇವನು, ಹಾಗೆ ಕೇಳಬಹುದೇ? ಅವಳ ಮೂಗಿನ ತುದಿ ಕೆಂಪಾಯಿತು.

"ಓದ್ದೆ ಕತ್ತರಿಸ್ತೀನಾ ನಾನು?"

"ಇಲ್ಲ," ಎಂದ ಅವನು ಮೆಲ್ಲಗೆ. "ನೀವು ಹಾಗೆ ಮಾಡಲ್ಲ ಅಂತ ಗೊತ್ತು." ಸ್ಕೇಲಿಟ್ಟು ಅಳೆದ. "ಸರಿಯಾಗಿ ಕೂತ್ಕೊಳ್ತು."

* * *

ಮಂಗಳವಾರ ಚಹಾದ ಹೊತ್ತಿಗೆ ಸುದ್ದಿ ಬಂತು: ಸ್ಕೇಲು ದೂರದ ಶಾಖೆಗೆ ಹೋಗುತ್ತಿದ್ದಾನೆ, ಅಲ್ಲಿ ಇಡೀ ವಿನ್ಯಾಸ ವಿಭಾಗಕ್ಕೆ ಮುಖ್ಯಸ್ಥ. ಸೋಮವಾರವೇ ಒಪ್ಪಿಗೆ ಬರೆದುಕೊಟ್ಟಿದ್ದಾನಂತೆ. ಅವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಪಕ್ಕದ ಟೇಬಲ್ಲಿನವನು ತನಗೆ ಹೇಳದೆ ಊರಿಗೆಲ್ಲ ಹೇಳಿದ್ದಾನೆ.

ಮನೆಯಲ್ಲಿ ಅಕ್ಕ ಅವಳ ಮುಖ ನೋಡಿಯೇ ಕೇಳಿದಳು, "ಯಾಕೆ, ಸ್ಕೇಲು ಮುರೀತಾ?"

"ಹೋಗ್ತಿದಾರೆ. ಹೋಗ್ಲಿ ಬಿಡು."

"ಹೋಗ್ಲಿ ಅನ್ನೋಳು ಅನ್ನಕ್ಕೆ ಉಪ್ಪಿನ ಬದಲು ಸಕ್ಕರೆ ಯಾಕೆ ಹಾಕ್ಕೊಂಡೆ?"

ಅವಳು ತಟ್ಟೆ ನೋಡಿದಳು. ಹೌದು, ಸಕ್ಕರೆಯೇ. ಹಾಗೇ ತಿಂದಳು, ಅಕ್ಕನಿಗೆ ಗೆಲುವು ಕೊಡಬಾರದೆಂದು. ಆದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು. ಅವನೆಂದರೆ ಅವಳಿಗೆ ಪ್ರಾಣ. ಪ್ರತಿ ಸಂಜೆ ಪುಟ ಕಳಿಸಿದ ಮೇಲೆ ಅವನು ಅಂಗಿಯ ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಳ್ಳುವುದನ್ನು ಓರೆಗಣ್ಣಿನಲ್ಲಿ ನೋಡದೆ ಅವಳ ದಿನ ಮುಗಿಯುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳುವುದು?

ಬುಧವಾರ ಬೆಳಿಗ್ಗೆ ಅವನು ಒಂದು ಫಾರಂ ಹಿಡಿದು ಬಂದ. ಕಚೇರಿ ಬಿಡುವವರು ಪ್ರತಿ ವಿಭಾಗದಲ್ಲೂ ಸಹಿ ಹಾಕಿಸಿಕೊಳ್ಳಬೇಕು. ಮಧ್ಯಾಹ್ನ ಮೂರಕ್ಕೆ ಆಡಳಿತ ವಿಭಾಗದಲ್ಲಿ ಸೀಲು ಬಿದ್ದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಗ್ರಂಥಾಲಯ, ಸ್ಟೋರು, ಕ್ಯಾಂಟೀನು, ಎಲ್ಲ ಸಹಿಯೂ ಆಗಿತ್ತು. ಡೆಸ್ಕಿನ ಚೌಕ ಮಾತ್ರ ಖಾಲಿ.

"ಒಂದು ಸಹಿ ಬೇಕಿತ್ತು."

"ನಮ್ಮ ಕಡೆಯಿಂದ ಏನೂ ಬಾಕಿ ಇಲ್ವಾ?" ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು.

ಅವನು ಅವಳನ್ನು ನೇರವಾಗಿ ನೋಡಿದ. ಮೂರು ವರ್ಷದಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬಲಗಡೆಯ ರೆಪ್ಪೆಯ ಮೇಲೊಂದು ಚಿಕ್ಕ ಮಚ್ಚೆ ಇರುವುದು ಅವಳಿಗೆ ಆಗ ಕಂಡಿತು.

"ಇಲ್ಲ," ಎಂದ. "ನೀವು ಶುಕ್ರವಾರವೇ ಎಲ್ಲ ಚುಕ್ತಾ ಮಾಡಿದ್ರಿ."

ಏನು ಹೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲ. ಕೇಳಲು ಬಿಂಕ ಬಿಡಲಿಲ್ಲ. ಸಹಿ ಹಾಕಿ ಕೊಟ್ಟಳು. ಅವನು ಥ್ಯಾಂಕ್ಸ್ ಹೇಳಿ ಹೋದ.

* * *

ಎರಡೂವರೆಗೆ ಮೇಷ್ಟ್ರು ಕರೆದರು. ಪುರವಣಿಯ ಮುಖ್ಯಸ್ಥರು ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಮಾಡಿದವರು. ಈಗಲೂ ಯಾರೇ ಕೋಣೆಗೆ ಬಂದರೂ ಹೋಂವರ್ಕ್ ಕೇಳುವವರ ಹಾಗೆ ನೋಡುತ್ತಿದ್ದರು.

"ಆ ಆಲ್ಮೋಸ್ಟ್ ಪತ್ರದವನು ಯಾರಮ್ಮ? ಭಾನುವಾರದಿಂದ ಫೋನೋ ಫೋನು. ಆ ಪುಣ್ಯಾತ್ಮ ಹೇಳಿದ್ನಾ ಇಲ್ವಾ ಅಂತ ಓದುಗರಿಗೆ ನಿದ್ದೆ ಇಲ್ಲ. ವಿಳಾಸ ಇದ್ರೆ ನೋಡು, ಮುಂದಿನ ವಾರ ಒಂದು ಮಾತು ಹಾಕೋಣ."

ತಿದ್ದಿದ ಕರಡು ಪ್ರತಿಗಳನ್ನು ತಿಂಗಳ ಮಟ್ಟಿಗೆ ಕಪಾಟಿನಲ್ಲಿ ಇಡುವುದು ಪದ್ಧತಿ. ಬಾಲದಲ್ಲಿ ವಿಳಾಸ ಇದ್ದೀತೆಂದು ಅವಳು ಶುಕ್ರವಾರದ ಪ್ರತಿ ತೆಗೆದಳು. ತನ್ನದೇ ಕೆಂಪು ಗೀಟಿನ ಅಡಿಯಲ್ಲಿದ್ದ ಸಾಲುಗಳನ್ನು ಓದತೊಡಗಿದಳು.

"ಆ ಒಬ್ಬರು ಈಗ ಕೆಂಪು ಪೆನ್ನು ಹಿಡಿದು ಇದನ್ನೇ ಓದುತ್ತಿದ್ದಾರೆ, ನಾನು ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದೇನೆ. ನನ್ನನ್ನು ದೂರದ ಶಾಖೆಗೆ ಕರೆದಿದ್ದಾರೆ, ಸೋಮವಾರ ಉತ್ತರ ಕೊಡಬೇಕು. ನೀವು ಈ ನಾಲ್ಕು ಸಾಲು ಉಳಿಸಿದರೆ ಇಲ್ಲೇ ಇರುತ್ತೇನೆ. ಹೊಡೆದರೆ, ಅದೇ ನಿಮ್ಮ ಉತ್ತರ ಎಂದುಕೊಂಡು ಹೊರಡುತ್ತೇನೆ, ಮತ್ತೆ ಕೇಳುವುದಿಲ್ಲ."

ಅವಳು ಕಪಾಟಿಗೆ ಒರಗಿದಳು. ಇನ್ನೊಮ್ಮೆ ಓದಿದಳು. ಪುಕ್ಕಲ ಎಂದಿದ್ದಳು ತಾನು. ಅವನ ಎದುರಿಗೇ, ನಗುತ್ತಾ! ಪೂರ್ತಿ ಓದಿದ್ರಾ ಎಂದು ಅವನು ಕೇಳಿದ್ದು ಅನುಮಾನದಿಂದಲ್ಲ, ಕೊನೆಯ ಆಸೆಯಿಂದ. ಅದಕ್ಕೆ ತಾನು ಕೊಟ್ಟಿದ್ದು ಸುಳ್ಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಗಡಿಯಾರ ನೋಡಿದಳು. ಮೂರಕ್ಕೆ ಆರು ನಿಮಿಷ.

ಆಡಳಿತ ವಿಭಾಗ ಎರಡು ಮಹಡಿ ಮೇಲೆ. ಲಿಫ್ಟಿನ ದೀಪ ನೆಲಮಾಳಿಗೆಯಲ್ಲೇ ಉರಿಯುತ್ತಿತ್ತು. ಅವಳು ಮೆಟ್ಟಿಲು ಹಿಡಿದಳು. "ಏನಮ್ಮ, ವಿಳಾಸ ಸಿಕ್ತಾ?" ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು.

"ಸಿಕ್ತು ಸಾರ್!" ಎಂದು ಓಡಿದಳು.

ಮೊದಲ ತಿರುವಿನಲ್ಲಿ ಚಪ್ಪಲಿಯ ಬಾರು ಕಿತ್ತಿತು. ಎರಡೂ ಚಪ್ಪಲಿ ಅಲ್ಲೇ ಬಿಟ್ಟಳು. ಓಡುತ್ತಾ ಮಾತು ಜೋಡಿಸಿಕೊಳ್ಳಲು ನೋಡಿದಳು. ಅಂಕಣಕ್ಕೆ ಬಂದ ನಾನೂರು ಪದಗಳಲ್ಲಿ ಒಂದೂ ನೆನಪಾಗಲಿಲ್ಲ.

ಆಡಳಿತದ ಕೋಣೆಯಲ್ಲಿ ಒಂದೇ ಕಿಟಕಿ, ಒಂದು ಉದ್ದದ ಟೇಬಲ್ಲು. ಅದರ ಹಿಂದೆ ಸೀಲಮ್ಮ. ಆಕೆಯ ನಿಜವಾದ ಹೆಸರು ಎಲ್ಲರಿಗೂ ಮರೆತು ವರ್ಷಗಳಾಗಿದ್ದವು. ಫಾರಂ ಟೇಬಲ್ಲಿನ ಮೇಲಿತ್ತು, ಸೀಲು ಇಂಕಿನ ಡಬ್ಬಿಯಿಂದ ಎದ್ದಿತ್ತು. ಅವನು ಚೀಲ ಹೆಗಲಿಗೇರಿಸಿಕೊಂಡು ಪಕ್ಕದಲ್ಲಿ ನಿಂತಿದ್ದ.

"ತಡೀರಿ!" ಎಂದಳು ಅವಳು.

ಸೀಲಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವನು ತಿರುಗಿದ. ಅವಳ ಬರಿಗಾಲು ನೋಡಿದ, ಆಮೇಲೆ ಕೈಯಲ್ಲಿದ್ದ ಕರಡು ಪ್ರತಿ ನೋಡಿದ. ಮುಖ ಬಿಳಿಚಿಕೊಂಡಿತು.

"ಅದನ್ನ ಯಾಕೆ ತಂದ್ರಿ? ಮುಗೀತಲ್ಲ."

"ನಾನು ಓದಿರಲಿಲ್ಲ."

"ಏನು?"

"ಈ ನಾಲ್ಕು ಸಾಲು ಓದಿರಲಿಲ್ಲ. ಓದ್ದೆ ಹೊಡೆದೆ."

ಅವನು ತಲೆಯಾಡಿಸಿದ. "ಪಾಪ ಅಂತ ಹೇಳ್ಬೇಡಿ ದಯವಿಟ್ಟು. ಓದ್ದೆ ಹೊಡೆಯೋರಲ್ಲ ನೀವು. ನಿಮ್ಮ ಬಾಯಲ್ಲೇ ಕೇಳಿದೀನಿ."

"ಸುಳ್ಳು ಹೇಳಿದೆ. ನೀವು ಕೇಳಿದ್ರಿ ಅಂತ ಕೋಪ ಬಂತು. ಬೇರೆ ಯಾರಾದ್ರೂ ಕೇಳಿದ್ರೆ ಇಲ್ಲ ಅಂತಿದ್ದೆನೇನೋ. ನಿಮ್ಮೆದುರು ಸಣ್ಣವಳಾಗೋಕೆ ಆಗಲಿಲ್ಲ." ಅವಳಿಗೆ ಉಸಿರು ಸಾಲಲಿಲ್ಲ. "ಎಂಟು ವರ್ಷದಲ್ಲಿ ಎಷ್ಟು ಜನರ ಬಾಲ ಓದ್ದೆ ಹೊಡೆದಿದೀನೋ ಲೆಕ್ಕ ಇಲ್ಲ. ಯಾರಿಗೂ ಹೇಳಿಲ್ಲ. ನಿಮಗೆ ಹೇಳ್ತಿದೀನಿ."

ಅವನ ದವಡೆ ಬಿಗಿದಿರುವುದನ್ನು ನೋಡಿ, ಇದು ಮುಗಿದ ಕಥೆ, ತಡವಾಯಿತು ಎಂದುಕೊಂಡಳು.

"ಐದು ದಿನ," ಎಂದ ಅವನು. "ಐದು ದಿನ ನಿಮ್ಮ ಪಕ್ಕ ಕೂತು ಕೆಲಸ ಮಾಡಿದೀನಿ. ನೀವು ನಕ್ಕು ಹೊಡೆದ್ರಿ ಅಂದ್ಕೊಂಡು. ಅದು ಹೇಗಿರುತ್ತೆ ಗೊತ್ತಾ ನಿಮಗೆ?"

"ಗೊತ್ತಿಲ್ಲ. ತಪ್ಪು ನಂದು. ಬೈರಿ."

"ಎದುರು ನಿಂತು ಬೈಯೋಕೆ ಬರೋ ಹಾಗಿದ್ರೆ ಪತ್ರ ಯಾಕೆ ಬರೀತಿದ್ದೆ?"

"ಸರಿ, ನೀವು ಹೋಗೋದೇ ಆದ್ರೆ ಹೋಗಿ," ಎಂದಳು ಅವಳು. ಕಣ್ಣು ತುಂಬಿ ಅವನ ಮುಖ ಕಲಸಿಹೋಗಿತ್ತು. "ಅದು ದೊಡ್ಡ ಕೆಲಸ, ನಾನು ಅಡ್ಡ ಬರಲ್ಲ. ಆದ್ರೆ ಈ ಗೀಟು ನನ್ನ ಉತ್ತರ ಅಂತ ಹೊತ್ಕೊಂಡು ಹೋಗ್ಬೇಡಿ. ನೀವು ಇಲ್ಲಿ ಇರಬೇಕು ಅಂತ ನಂಗಾಸೆ. ಪಕ್ಕದ ಟೇಬಲ್ಲಿನಲ್ಲಿ ಅಷ್ಟೇ ಅಲ್ಲ."

ಸೀಲಮ್ಮ ಕೆಮ್ಮಿದಳು. "ಅಮ್ಮಾ, ನನ್ನ ಕೈ ನೋಯ್ತಿದೆ. ಹಾಕ್ಲಾ, ಬೇಡ್ವಾ? ಮೂರು ಗಂಟೆ ಆಯ್ತು."

ಇಬ್ಬರೂ ಅವನನ್ನೇ ನೋಡಿದರು. ಅವನು ಫಾರಂ ನೋಡಿದ, ಅದರಲ್ಲಿದ್ದ ಅವಳ ಸಹಿ ನೋಡಿದ. ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟ.

"ಬೇಡ."

"ಆ ಶಾಖೆಯವರು ಉಗೀತಾರೆ ನಿಮಗೆ," ಎಂದಳು ಸೀಲಮ್ಮ.

"ಉಗೀಲಿ."

ಸೀಲಮ್ಮ ಸೀಲು ಕೆಳಗಿಟ್ಟು ಪೆನ್ನು ತೆಗೆದು ಫಾರಮ್ಮಿಗೆ ಅಡ್ಡಲಾಗಿ ದೊಡ್ಡದಾಗಿ ಬರೆದಳು. "ಕ್ಯಾನ್ಸಲ್. ನಿಮ್ಮ ಪೇಪರಿಗೆ ಹಾಕ್ಕೊಳ್ಳಿ, ನನ್ನಿಷ್ಟದ ಇಂಗ್ಲಿಷ್ ಪದ ಇದೇ. ಇಪ್ಪತ್ತೆರಡು ವರ್ಷದಿಂದ ಬರೀತಿದೀನಿ, ಇವತ್ತು ಒಂದು ದಿನ ಖುಷಿಯಾಯ್ತು. ಈಗ ಇಬ್ರೂ ಹೊರಡಿ, ನನಗೆ ಕೆಲಸ ಇದೆ."

ಮೆಟ್ಟಿಲಿನ ಹತ್ತಿರ ಯಾರೂ ಇರಲಿಲ್ಲ. ಅವಳು ಕಂಬಿ ಹಿಡಿದು ನಿಂತಳು. ಅವನು ಒಂದು ಮೆಟ್ಟಿಲು ಕೆಳಗೆ ನಿಂತಿದ್ದರಿಂದ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಇಬ್ಬರೂ ತಪ್ಪಿಸಿಕೊಳ್ಳಲೂ ಇಲ್ಲ.

"ಒಂದು ಮಾತು ಹೇಳ್ಬೇಕು," ಎಂದ ಅವನು. ಅಷ್ಟಕ್ಕೇ ನಿಂತ. ಬರೆಯುವುದು ಬೇರೆ, ಎದುರು ನಿಂತು ಹೇಳುವುದು ಬೇರೆ.

ಎಂದಿನ ಅವಳಾಗಿದ್ದರೆ ಅರ್ಧಕ್ಕೇ ಗೊತ್ತಾಯಿತು ಬಿಡಿ ಎಂದು ಮಾತು ತುಂಡರಿಸುತ್ತಿದ್ದಳು. ಇವತ್ತು ಬಾಯಿ ಬಿಗಿಹಿಡಿದು ಕಾದಳು. ಕೆಳಗಿನ ಮಹಡಿಯಲ್ಲಿ ಫೋನು ಬಡಿದು ಬಡಿದು ನಿಂತಿತು.

"ಹೇಳಿ," ಎಂದಳು. "ಪೂರ್ತಿ ಹೇಳಿ."

ಅವನು ಹೇಳಿದ. ಬಹಳ ತಡವರಿಸಿದ, ಮೂರು ವರ್ಷದ ಹಿಂದಿನ ಒಂದು ಮಂಗಳವಾರದಿಂದ ಶುರುಮಾಡಿದ, ನಡುವೆ ಎರಡು ಸಲ ದಾರಿ ತಪ್ಪಿ ಮತ್ತೆ ಮೊದಲಿಗೆ ಹೋದ. ಅವಳು ಒಂದು ಅಕ್ಷರವನ್ನೂ ಬಿಡದೆ ಕೊನೆಯವರೆಗೂ ಕೇಳಿದಳು.