ಅದಲುಬದಲಾದ ಮೇಣದ ಬಿಲ್ಲೆ

ರೋಗಿ ಹೆಂಗಸು. ಗಡ್ಡೆ ಗಂಡಸಿನದು!

ವಂಶವಾಹಿ ಪರೀಕ್ಷೆ ನಡೆಸುವ ಲ್ಯಾಬಿನ ಹಿರಿಯ ಡಾಕ್ಟರಮ್ಮ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಎಳ್ಳಷ್ಟು ತಪ್ಪನ್ನೂ ಬಿಡದ ಆಕೆಗೆ ಎಲ್ಲರೂ ಇಟ್ಟ ಅಡ್ಡಹೆಸರು ಭೂತಗನ್ನಡಿ. ಕಿಟಕಿಯಾಚೆ ಮಂಜು ಕರಗದೆ ನಿಂತಿತ್ತು. ಪರದೆಯ ಮೇಲೆ ಬಣ್ಣದ ಚುಕ್ಕೆಗಳು ನೀರಿನಲ್ಲಿ ತೇಲುವಂತೆ ಸರಿಯುತ್ತಿದ್ದವು. ಶ್ವಾಸಕೋಶದ ಗಡ್ಡೆಯ ತುಂಬ ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮ್. ಹೆಸರು ಮಾತ್ರ ಮೂರನೇ ವಾರ್ಡಿನ ದರ್ಜಿ ಹೆಂಗಸಿನದು. ಈ ವರದಿ ನಂಬಿ ನಾಳೆಯೇ ಆಕೆಗೆ ಗುಳಿಗೆ ಶುರು.

* * *

ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಬಿಲ್ಲೆ ಮಾಡಿ ಉಗ್ರಾಣದಲ್ಲಿಡುತ್ತಾರೆ. ಅದನ್ನು ಕೊಯ್ಯುವ ತಂತ್ರಜ್ಞೆಯ ಮೇಲೆ ಮೊದಲ ಅನುಮಾನ.

"ಬೇರೆಯವರ ಚೂರು ಬೆರಕೆ ಆಯ್ತೇನಮ್ಮಾ?"

"ಪ್ರತಿ ಬಿಲ್ಲೆಗೂ ಹೊಸ ಬ್ಲೇಡು ಹಾಕ್ತೀನಿ ಮೇಡಂ. ಉಗ್ರಾಣದಿಂದ ಬಂದದ್ದನ್ನೇ ಕೊಯ್ದೆ. ನೋಡಿ ಬೇಕಾದ್ರೆ."

ಭೂತಗನ್ನಡಿ ಬಿಲ್ಲೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಳು. ಅಡಿಯಲ್ಲಿದ್ದ ಹಳೇ ಸಂಖ್ಯೆಯನ್ನು ಯಾರೋ ಕೆರೆದು ಅಳಿಸಿದ್ದರು. ಕೈತಪ್ಪಲ್ಲ, ಕೈಚಳಕ!

ದರ್ಜಿಯ ರಕ್ತದ ಜೊತೆ ಗಡ್ಡೆಯನ್ನು ಹೋಲಿಸಿದಳು. ಅರ್ಧದಷ್ಟು ಹೊಂದಿಕೆ. ಅಂದರೆ ಅಪ್ಪ, ಮಗ, ಇಲ್ಲವೇ ಒಡಹುಟ್ಟಿದವನು.

* * *

"ನಿಮಗೆ ಗಂಡುಮಕ್ಕಳಿದಾರಾ?"

ದರ್ಜಿ ನಕ್ಕಳು. ಕೆಮ್ಮು ಬಂತು. "ಮಕ್ಕಳೇ ಇಲ್ಲ ಡಾಕ್ಟ್ರೇ. ಅಪ್ಪನೂ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಇರೋನು ಅಣ್ಣ ಒಬ್ಬನೇ, ನಿಮ್ಮ ಉಗ್ರಾಣದಲ್ಲೇ ಇದಾನಲ್ಲ. ಹೋದ ವರ್ಷ ಅವನಿಗೂ ಇದೇ ಕಾಯಿಲೆ. ಗುಳಿಗೆ ಹಿಡೀತು, ಬದುಕಿದ."

* * *

ಉಗ್ರಾಣದಲ್ಲಿ ಸಾವಿರಾರು ಬಿಲ್ಲೆಗಳು ಜೇನುಗೂಡಿನಂತೆ ಮಂಕಾಗಿ ಹೊಳೆಯುತ್ತಿದ್ದವು.

"ನಿಮ್ಮ ಗಡ್ಡೆಯ ಬಿಲ್ಲೆ ತೋರಿಸಿ."

ಅಣ್ಣ ಎಳೆದ ಖಾನೆ ಖಾಲಿಯಿತ್ತು.

"ಗಡ್ಡೆ ಗಂಡಸಿನದು, ಅವರ ಒಡಹುಟ್ಟಿದವನದು. ಉಗ್ರಾಣದ ಬೀಗದ ಕೈ ನಿಮ್ಮದು. ಇನ್ನು ಯಾರನ್ನ ಹುಡುಕಲಿ? ಯಾಕೆ ಹೀಗೆ ಮಾಡಿದ್ರಿ?"

ಅವನು ಸ್ಟೂಲಿನ ಮೇಲೆ ಕುಸಿದ. "ವಂಶವಾಹಿಯಲ್ಲಿ ಆ ಒಂದು ದೋಷ ಇದ್ದೋರಿಗೆ ಮಾತ್ರ ಆ ಗುಳಿಗೆ ಕೊಡ್ತಾರೆ. ಅವಳ ಗಡ್ಡೆಲಿ ಇಲ್ದೇ ಹೋದ್ರೆ? ನನ್ನ ಬದುಕಿಸಿದ್ದು ಅವಳನ್ನೂ ಬದುಕಿಸುತ್ತೆ ಅಂದ್ಕೊಂಡೆ."

"ನಿಮ್ಮ ಗಡ್ಡೆಗೆ ಹೊಂದಿದ ಮದ್ದು ಅವರ ಗಡ್ಡೆಗೆ ನಾಟಲ್ಲಪ್ಪ. ಅದು ಗೊತ್ತಾಗೋ ಹೊತ್ತಿಗೆ ಕೈಮೀರಿ ಹೋಗಿರ್ತಿತ್ತು. ಅವರ ಬಿಲ್ಲೆ ಎಲ್ಲಿ?"

ಅವನು ಜೇಬಿನೊಳಗಿಂದ ತೆಗೆದುಕೊಟ್ಟ.

* * *

ಹತ್ತು ದಿನಕ್ಕೆ ನಿಜವಾದ ವರದಿ ಬಂತು. ತಂಗಿಯ ಗಡ್ಡೆಯಲ್ಲಿದ್ದದ್ದು ಬೇರೆಯದೇ ದೋಷ. ಅದಕ್ಕೂ ಒಂದು ಗುಳಿಗೆಯಿತ್ತು.

ಕೆಲಸ ಕಳೆದುಕೊಂಡ ಅಣ್ಣ ವಾರ್ಡಿನ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ. ತಂಗಿ ಮೊದಲ ಗುಳಿಗೆ ನುಂಗಿ, ನೀರು ಕುಡಿದು, ಅವನತ್ತ ನೋಡಿದಳು.

"ಎರಡು ದಿನ ನಿನ್ನ ಜೊತೆ ಠೂ," ಎಂದಳು. "ಮೂರನೇ ದಿನ ಬಾ."